ಹುಲ್ಲಿನ ಟೋಪಿ, ಹಲವು ಪಕ್ಷ

ಲೂಫಿಗೆ ಈಗ ಹತ್ತೊಂಬತ್ತು ವರ್ಷ. 1997ರ ಜುಲೈನಲ್ಲಿ ಜಪಾನಿನ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ‘ಒನ್ ಪೀಸ್’ ಎಂಬ ಮಾಂಗಾ (ಕಾಮಿಕ್ಸ್ ಕತೆ) ಶುರುವಾದಾಗ, ಹುಲ್ಲಿನ ಟೋಪಿ ಹಾಕಿಕೊಂಡು ನಿಧಿ ಹುಡುಕಲು ಸಮುದ್ರಕ್ಕಿಳಿದ ಆ ಹುಡುಗನಿಗೆ ಹದಿನೇಳು. ಇಷ್ಟೂ ಕಾಲದಲ್ಲಿ ಅವನಿಗೆ ಕೂಡಿದ್ದು ಎರಡೇ ವರ್ಷ. ಅದೂ ಲೇಖಕರು 2010ರಲ್ಲಿ ‘ಎರಡು ವರ್ಷ ಕಳೆದವು’ ಅಂತ ಒಂದೇ ನೆಗೆತಕ್ಕೆ ದಾಟಿಸಿದ್ದರಿಂದ. ಇಲ್ಲದಿದ್ದರೆ ಇವತ್ತಿಗೂ ಹದಿನೇಳೇ. ಅವನನ್ನು ಬರೆದ ಎಯಿಚಿರೊ ಓಡಾ ಕತೆ ಶುರುವಾದಾಗ ಇಪ್ಪತ್ತೆರಡರ ಹುಡುಗ. ಈಗ ಅವರಿಗೂ ಐವತ್ತು ತುಂಬಿದೆ. ಇನ್ನು ಓದುಗರ ವಿಷಯ ಕೇಳಲೇಬೇಡಿ. ನಾನು ಅವನನ್ನು ಮೊದಲು ನೋಡಿದಾಗ ಇಬ್ಬರೂ ಹೆಚ್ಚೂಕಡಿಮೆ ಓರಗೆಯವರು. ಈಗ ನನ್ನ ಕಿವಿಯ ಮೇಲೆ ನರೆ, ಮೂಗಿನ ಮೇಲೆ ಕನ್ನಡಕ. ಇನ್ನು ಕೆಲವು ವರ್ಷಕ್ಕೆ ನನ್ನ ಮಗಳೇ ಅವನ ವಯಸ್ಸಿಗೆ ಬರುತ್ತಾಳೆ. ಅವನು ಮಾತ್ರ ಅಲ್ಲೇ, ಮಾಂಸ ತಿನ್ನುತ್ತಾ, ಹಲ್ಲು ಕಿಸಿಯುತ್ತಾ ಇರುತ್ತಾನೆ.

ನಮ್ಮಮ್ಮನಿಗೆ ಆಗಾಗ ನೆನಪಾಗುತ್ತದೆ. “ಆ ಟೋಪಿ ಹುಡುಗ ಇನ್ನೂ ಹೋಗಿ ಮುಟ್ಲಿಲ್ವೇನೋ?”

“ಇಲ್ಲಮ್ಮ.”

“ಏನು ಹುಡುಕ್ತಾ ಇದಾನೆ ಅಂದಿದ್ದೆ?”

“ನಿಧಿ.”

“ಎಂಥಾ ನಿಧಿ?”

“ಅದು ಯಾರಿಗೂ ಗೊತ್ತಿಲ್ಲ.”

“ಏನೂಂತ ಗೊತ್ತಿಲ್ಲದ್ದನ್ನ ಹುಡುಕೋಕೆ ಹೊರಟ್ರೆ ತಡ ಆಗ್ದೆ ಇನ್ನೇನಾಗುತ್ತೆ” ಎಂದು ಅಮ್ಮ ಹುರುಳಿಕಾಯಿಯ ನಾರು ಬಿಡಿಸುವುದಕ್ಕೆ ತಿರುಗುತ್ತಾಳೆ. ಸಂಪುಟಗಳು ನೂರಹತ್ತು ದಾಟಿವೆ, ಅಧ್ಯಾಯಗಳು ಸಾವಿರದ ನೂರನ್ನು ದಾಟಿ ಮುಂದೆ ಹೋಗಿವೆ, ಅಚ್ಚಾದ ಪ್ರತಿಗಳು 2022ರಲ್ಲೇ 50 ಕೋಟಿ ಮೀರಿದವು. ಇದನ್ನೆಲ್ಲ ಅಮ್ಮನಿಗೆ ಹೇಳಬಹುದು. ಆದರೆ ಅವಳ ಪ್ರಶ್ನೆ ಹೋಗಿ ಮುಟ್ಟಿದನೋ ಇಲ್ಲವೋ ಅನ್ನುವುದು. ಅದಕ್ಕೆ ಪ್ರತಿಗಳ ಲೆಕ್ಕ ಉತ್ತರವಾಗುವುದಿಲ್ಲ.

ನನಗೆ ಇದರ ಗೀಳು ಹತ್ತಿದ್ದು ದಾವಣಗೆರೆಯ ಹಾಸ್ಟೆಲ್ಲಿನಲ್ಲಿ. ಒಂದು ಕಂಪ್ಯೂಟರ್, ಅದರ ಸುತ್ತ ಎಂಟು ತಲೆ. ಯಾರೋ ಪುಣ್ಯಾತ್ಮರು ಇಂಗ್ಲಿಷಿಗಿಳಿಸಿದ ಪುಟಗಳು ಸಿ.ಡಿ.ಗಳಲ್ಲಿ ರೂಮಿಂದ ರೂಮಿಗೆ ಓಡಾಡುತ್ತಿದ್ದವು. ಈಗ ಅಷ್ಟು ತ್ರಾಸವಿಲ್ಲ. 2019ರಿಂದ ಪ್ರಕಾಶಕ ಶುಯೇಶಾದವರೇ ‘ಮಾಂಗಾ ಪ್ಲಸ್’ ಎಂಬ ಆ್ಯಪ್‌ನಲ್ಲಿ ಹೊಸ ಅಧ್ಯಾಯವನ್ನು ಬಿಟ್ಟಿಯಾಗಿ ಕೊಡುತ್ತಾರೆ. ಜಪಾನಿನಲ್ಲಿ ಸೋಮವಾರ ಹುಟ್ಟುವ ಗಳಿಗೆ ನಮಗೆ ಭಾನುವಾರ ರಾತ್ರಿ ಎಂಟೂವರೆ. ಚಪಾತಿ ಒಂದು ಕೈಯಲ್ಲಿ, ಫೋನ್ ಇನ್ನೊಂದು ಕೈಯಲ್ಲಿ. ಹದಿನೇಳು ಪುಟ ಓದಲು ಪಲ್ಯ ಆರುವಷ್ಟು ಹೊತ್ತೂ ಬೇಕಾಗುವುದಿಲ್ಲ. ಅಲ್ಲಿಂದ ಮುಂದಿನ ಭಾನುವಾರದವರೆಗೆ ಇರುವುದು ಜಗಳದ ಅವಧಿ.

ಹೊರಗಿನವರಿಗೆ ಈ ಜಗಳ ಅರ್ಥವಾಗುವುದಿಲ್ಲ. ಇಷ್ಟಪಡುವವರೂ ಇಷ್ಟಪಡದವರೂ ಕಿತ್ತಾಡುತ್ತಾರೆ ಅಂದುಕೊಳ್ಳುತ್ತಾರೆ. ಇಷ್ಟವಿಲ್ಲದವರು ಯಾವತ್ತೋ ಎದ್ದು ಹೋದರು. ಅವರಿಗೆ ಬೇರೆ ಕೆಲಸವಿದೆ. ಕಿತ್ತಾಡುವವರೆಲ್ಲ ಎಂಟೂವರೆಗೆ ತಪ್ಪದೆ ಹಾಜರಾಗುವವರೇ. ‘ಈ ಕತೆ ಕೆಟ್ಟು ಎಷ್ಟೋ ವರ್ಷವಾಯಿತು’ ಎಂದು ಹತ್ತು ವರ್ಷದಿಂದ ಪ್ರತಿ ವಾರ ಹೇಳುತ್ತಿರುವ ಒಬ್ಬ ಗೆಳೆಯ ನನಗಿದ್ದಾನೆ. ಒಂದು ವಾರವೂ ಅವನು ತಪ್ಪಿಸಿಕೊಂಡವನಲ್ಲ.

ಪಕ್ಷಗಳೋ, ನಮ್ಮ ವಿಧಾನಸಭೆಯನ್ನೂ ಮೀರಿಸುವಷ್ಟು. ಮೊದಲನೆಯದು ‘ಎರಡು ವರ್ಷ’ದ ಗೆರೆಯ ಆಚೆಯವರು, ಈಚೆಯವರು. ಗೆರೆಯ ಹಿಂದಿನ ಕತೆಯೇ ಕತೆ, ಆಮೇಲಿನದೆಲ್ಲ ಎಳೆದಾಟ ಅನ್ನುವವರು ಹಿರಿಯರು. ಆಮೇಲೇ ನಿಜವಾದ ಪ್ರಪಂಚ ತೆರೆದುಕೊಂಡದ್ದು ಅನ್ನುವವರು ಕಿರಿಯರು. ಎರಡನೆಯದು ಜೋರೋ ಪಕ್ಷ ಮತ್ತು ಸಾಂಜಿ ಪಕ್ಷ. ಇಬ್ಬರೂ ಲೂಫಿಯ ಜೊತೆಗಾರರು. ಜೋರೋ ಮೂರು ಕತ್ತಿ ಹಿಡಿದು ಕಾದುವ ವೀರ. ನೇರ ದಾರಿಯಲ್ಲೂ ದಿಕ್ಕು ತಪ್ಪುತ್ತಾನೆ. ಸಾಂಜಿ ಅಡಿಗೆಯವನು, ಅಡಿಗೆಯವನ ಕೈಗೆ ಪೆಟ್ಟಾಗಬಾರದೆಂದು ಕಾಲಿನಿಂದಲೇ ಹೊಡೆದಾಡುತ್ತಾನೆ. ಇವರಿಬ್ಬರಲ್ಲಿ ಯಾರು ಹೆಚ್ಚು ಬಲಶಾಲಿ ಅನ್ನುವುದರ ಮೇಲೆ ಒಳ್ಳೊಳ್ಳೆಯ ಸ್ನೇಹಗಳು ಮುರಿದಿವೆ. ಕತೆಯೊಳಗೆ ಇವರಿಬ್ಬರೂ ಜಗಳವಾಡುತ್ತಲೇ ಒಂದೇ ಪಾತ್ರೆಯ ಊಟ ಮಾಡುತ್ತಾರೆ, ಅದು ಬೇರೆ ಮಾತು.

ಮೂರನೆಯದು ಸಾವಿನ ಪಕ್ಷ. ಅಲಬಾಸ್ಟಾ ಎಂಬ ಮರಳುನಾಡಿನ ಕತೆಯಲ್ಲಿ ಪೆಲ್ ಎಂಬ ಕಾವಲುಗಾರ ಗಿಡುಗವಾಗಿ, ಊರನ್ನೇ ಸುಡಬೇಕಿದ್ದ ಬಾಂಬನ್ನು ಉಗುರಿನಲ್ಲಿ ಹಿಡಿದು ಆಕಾಶಕ್ಕೊಯ್ಯುತ್ತಾನೆ. ಬಾಂಬು ಸಿಡಿಯುತ್ತದೆ. ನಮ್ಮ ಹಾಸ್ಟೆಲ್ಲಿನ ಎಂಟು ತಲೆಯೂ ಕಣ್ಣೊರೆಸಿಕೊಂಡವು. ಆ ಕತೆ ಮುಗಿಯುವಷ್ಟರಲ್ಲಿ ಪುಣ್ಯಾತ್ಮ ಬ್ಯಾಂಡೇಜು ಸುತ್ತಿಕೊಂಡು ಬದುಕಿಬಂದ. ಅವತ್ತೇ ಎರಡು ಗುಂಪಾಯಿತು. ‘ಯಾರೂ ಸಾಯದ ಯುದ್ಧ ಎಂಥಾ ಯುದ್ಧ?’ ಅಂತ ಒಂದು. ‘ಸಾಯಿಸಿದರೇ ಗಂಭೀರ ಸಾಹಿತ್ಯ ಅಂತ ಯಾರು ಹೇಳಿದ್ದು?’ ಅಂತ ಇನ್ನೊಂದು. ಮುಂದೆ 2010ರಲ್ಲಿ ಲೂಫಿಯ ಅಣ್ಣ ಏಸ್, ಅವನ ತೋಳಿನಲ್ಲೇ ಪ್ರಾಣಬಿಟ್ಟ. ಸಾವು ಬೇಕೆಂದವರು ಸುಮ್ಮನಾದರೇ? ಇಲ್ಲ. ‘ಇವನನ್ನು ಯಾಕೆ ಸಾಯಿಸಬೇಕಿತ್ತು’ ಎಂದು ಅವರೇ ಎಲ್ಲರಿಗಿಂತ ಜೋರಾಗಿ ಅತ್ತರು.

ನಾಲ್ಕನೆಯದು ಕೊಂಚ ಬುದ್ಧಿವಂತರ ಪಕ್ಷ. ಕತೆಯಲ್ಲಿ ಲಬೂನ್ ಎಂಬ ಬೆಟ್ಟದಂಥ ತಿಮಿಂಗಿಲ ಬರುತ್ತದೆ. ತನ್ನನ್ನು ಬಿಟ್ಟುಹೋದ ಹಡಗಿನವರು ಮರಳಿ ಬರುತ್ತಾರೆಂದು ಐವತ್ತು ವರ್ಷದಿಂದ ಕಾಯುತ್ತಾ ಬಂಡೆಗೆ ತಲೆ ಚಚ್ಚಿಕೊಳ್ಳುತ್ತಿರುತ್ತದೆ. ಅದು ಬಂದದ್ದು 1999ರಲ್ಲಿ. 2007ರಲ್ಲಿ, ಬರೀ ಮೂಳೆಯ ಹಂದರವಾಗಿ ತೇಲುವ ಹಡಗಿನಲ್ಲಿ ಹಾಡು ಗುನುಗುತ್ತಿದ್ದ ಬ್ರೂಕ್ ಎಂಬ ಸಂಗೀತಗಾರ ಕತೆಗೆ ಬಂದ. ತಿಮಿಂಗಿಲ ಕಾಯುತ್ತಿದ್ದದ್ದು ಅವನ ಹಡಗಿಗೆ. ಎಂಟು ವರ್ಷದ ಹಿಂದೆ ಬಿತ್ತಿದ್ದು ಹೀಗೆ ಮೊಳೆತಾಗ ನಮಗೆ ತಲೆ ತಿರುಗಿತು. ಅಂದಿನಿಂದ ಓಡಾ ಎಲ್ಲವನ್ನೂ ಮೊದಲೇ ಯೋಚಿಸಿಟ್ಟಿದ್ದಾರೆ ಅನ್ನುವವರದ್ದೊಂದು ಬಣ, ಕೆಲವನ್ನು ಆಮೇಲೆ ನಾಜೂಕಾಗಿ ಅಂಟಿಸುತ್ತಾರೆ ಅನ್ನುವವರದ್ದೊಂದು ಬಣ. ಮೊದಲನೆಯ ಬಣದವರು ಪುಟದ ಮೂಲೆಯ ಕಲ್ಲನ್ನೂ ಬಿಡದೆ ದಿಟ್ಟಿಸಿ ಥಿಯರಿ ಕಟ್ಟುತ್ತಾರೆ. ಹಾಗೆ ಕಟ್ಟಿದ್ದು ನಿಜವಾಗದಿದ್ದರೆ, ಓಡಾ ಕತೆಯನ್ನು ಹಾಳು ಮಾಡಿದರು ಅನ್ನುತ್ತಾರೆ.

ಇಷ್ಟೆಲ್ಲ ಪಕ್ಷಗಳ ಬುಡದಲ್ಲಿ ಏನಿದೆ ಎಂದು ನನಗೆ ಅಂದಾಜಾದದ್ದು ಡ್ರೆಸ್ರೋಸಾದ ಕಾಲದಲ್ಲಿ. ಡ್ರೆಸ್ರೋಸಾ ಅನ್ನುವುದು ಕತೆಯೊಳಗಿನ ಒಂದು ದ್ವೀಪ. ಗೊಂಬೆಗಳು ಮನುಷ್ಯರ ಜೊತೆ ಬಾಳುವ ಸುಂದರ ಊರು. ಆ ಗೊಂಬೆಗಳೇ ಮನುಷ್ಯರಾಗಿದ್ದವು, ಅವರನ್ನು ಪ್ರೀತಿಸಿದವರೆಲ್ಲ ಅವರನ್ನು ಮರೆತಿದ್ದಾರೆ ಎಂದು ಆಮೇಲೆ ಗೊತ್ತಾಗುತ್ತದೆ. 2013ರಲ್ಲಿ ಶುರುವಾದದ್ದು 2015ರಲ್ಲಿ ಮುಗಿಯಿತು. ಒಟ್ಟು ಸುಮಾರು ನೂರು ಅಧ್ಯಾಯ. ಶುರುವಾದಾಗ ನನಗೆ ಹೆಣ್ಣು ನೋಡುತ್ತಿದ್ದರು. ಮುಗಿದಾಗ ಮಗಳ ನಾಮಕರಣ ಆಗಿತ್ತು. ಈ ನಡುವೆ ಲೂಫಿ ಒಂದು ಅರಮನೆಯ ಕಡೆಗೆ ಓಡುತ್ತಲೇ ಇದ್ದ. ಅವನು ಒಂದು ಹೆಜ್ಜೆ ಇಟ್ಟರೆ ಹತ್ತು ಹೊಸ ಪಾತ್ರ ಅಡ್ಡ ಬರುತ್ತಿದ್ದವು. ಒಂದೊಂದಕ್ಕೂ ಹೆಸರು, ಟೋಪಿ, ದುಃಖದ ಬಾಲ್ಯ. ವಾರವೆಲ್ಲ ಕಾದು ತೆರೆದರೆ ಯಾರದೋ ತಾತ ಯಾರನ್ನೋ ಹಣೆಯಿಂದ ಗುದ್ದುತ್ತಿರುತ್ತಿದ್ದ. ನಾವೆಲ್ಲ ಡ್ರೆಸ್ರೋಸಾ ವಿರೋಧ ಪಕ್ಷ ಸೇರಿದೆವು.

ಅಕ್ಕನ ಮಗ ಇದನ್ನು ಓದಿದ್ದು ಲಾಕ್‌ಡೌನಿನಲ್ಲಿ. ಶಾಲೆಯಿಲ್ಲ, ಆಟವಿಲ್ಲ, ಕೈಗೆ ಸಿಕ್ಕಿದ್ದು ಅಪ್ಪನ ಟ್ಯಾಬ್. ಡ್ರೆಸ್ರೋಸಾವನ್ನು ಅವನು ಮೂರು ಮಧ್ಯಾಹ್ನದಲ್ಲಿ ಮುಗಿಸಿ ನನಗೆ ಫೋನ್ ಮಾಡಿದ. “ಮಾವ, ಇದರಷ್ಟು ಚೆನ್ನಾಗಿರೋದು ಇಡೀ ಕತೇಲೇ ಇಲ್ಲ.” ನಾನು ನನ್ನ ತಕರಾರುಗಳ ಪಟ್ಟಿ ಬಿಚ್ಚಿದೆ. ಎಷ್ಟು ತಿಂಗಳು ಓಡಿದ, ಎಷ್ಟು ವಾರ ಆ ತಾತ. ಹುಡುಗನಿಗೆ ನಾನು ಯಾವ ಪುಸ್ತಕದ ಮಾತಾಡುತ್ತಿದ್ದೇನೆಂದೇ ತಿಳಿಯಲಿಲ್ಲ. “ಅಷ್ಟೊಂದು ಎಲ್ಲಿ ಓಡ್ತಾನೆ ಮಾವ? ಮೇಲೆ ಹೋಗ್ತಾನೆ, ಹೊಡೀತಾನೆ, ಮುಗೀತು.”

ಅವನ ಮಾತು ಕೇಳಿ ನನಗೆ ಅಮ್ಮನೂ ಚಿಕ್ಕಮ್ಮನೂ ಕಾದಂಬರಿಯೊಂದರ ಮೇಲೆ ಆಡಿದ ಜಗಳ ನೆನಪಾಯಿತು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಕಾದಂಬರಿಯ ಹಾಳೆಗಳನ್ನು ಅಮ್ಮ ವಾರವಾರ ಬಿಡಿಸಿ, ಮುಗಿದ ಮೇಲೆ ಗೋಣಿ ಸೂಜಿಯಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿಡುತ್ತಿದ್ದಳು. ಊರಿಂದ ಬಂದ ಚಿಕ್ಕಮ್ಮ ಅದನ್ನು ಒಂದೇ ಮಧ್ಯಾಹ್ನ ಓದಿ ಮುಗಿಸಿದಳು. “ಎಲ್ಲ ಸರಿ, ಆ ಗಂಡು ಎಂಟು ವಾರ ಮುನಿಸಿಕೊಂಡು ಕೂತಿದ್ದು ಮಾತ್ರ ನನಗೆ ಹಿಡಿಸ್ಲಿಲ್ಲ ಕಣೇ” ಅಂದಳು ಅಮ್ಮ. ಚಿಕ್ಕಮ್ಮ ಬೆರಗಾಗಿ, “ಎಂಟು ವಾರ ಎಲ್ಲಿ ಅಕ್ಕಾ? ಕಾಫಿ ಕುಡಿದು ಬರೋಷ್ಟರಲ್ಲಿ ಸರಿಹೋದ್ನಲ್ಲ!” ಅಂದಳು.

ಇಬ್ಬರೂ ಓದಿದ್ದು ಅವೇ ಹಾಳೆಗಳನ್ನು. ಅಮ್ಮ ಆ ಎಂಟು ವಾರ ನೀರು ಸೇದುತ್ತಾ, ರೊಟ್ಟಿ ತಟ್ಟುತ್ತಾ ಅವನ ಮುನಿಸನ್ನು ಹೊತ್ತು ತಿರುಗಿದ್ದಳು. ಅವನು ಹೇಗೆ ರಾಜಿಯಾಗಬೇಕೆಂದು ತನ್ನದೇ ಆದ ಒಂದು ಕಂತನ್ನು ಮನಸ್ಸಿನಲ್ಲಿ ಬರೆದೂ ಇದ್ದಳು. ಲೇಖಕರು ಕೊಟ್ಟದ್ದು ಅದಕ್ಕಿಂತ ಸಪ್ಪೆ. ಚಿಕ್ಕಮ್ಮ ಏನನ್ನೂ ಹೊತ್ತಿರಲಿಲ್ಲ, ಅದಕ್ಕೇ ಅವಳಿಗೆ ಭಾರವಾಗಲಿಲ್ಲ. ಓದಿದ್ದಕ್ಕಿಂತ ಹೆಚ್ಚು ಕಾದಿದ್ದೇವೆ ನಾವು. ಕಾದವರು ಕಾದ ಕಾಲಕ್ಕೆ ಲೆಕ್ಕ ಕೇಳುತ್ತಾರೆ. ಒಬ್ಬೊಬ್ಬರು ಕಾದದ್ದು ಒಂದೊಂದು ವಯಸ್ಸಿನಲ್ಲಿ, ಒಂದೊಂದು ಆಸೆ ಇಟ್ಟುಕೊಂಡು. ಹೀಗಿರುವಾಗ ಒಂದೇ ಲೆಕ್ಕ ಎಲ್ಲರಿಗೂ ಹೇಗೆ ತಾಳೆಯಾದೀತು?

ಈ ಲೆಕ್ಕದ ಜಗಳ ಕುದಿದು ಉಕ್ಕಿದ್ದು 2022ರ ಮಾರ್ಚಿನಲ್ಲಿ, 1044ನೇ ಅಧ್ಯಾಯ ಬಂದ ವಾರ. ಅದನ್ನು ಕೊಂಚ ವಿವರವಾಗಿ ಹೇಳಬೇಕು. ಲೂಫಿ ಚಿಕ್ಕಂದಿನಲ್ಲಿ ‘ಗೊಮು ಗೊಮು’ ಎಂಬ ಮಾಯದ ಹಣ್ಣು ತಿಂದು ರಬ್ಬರಿನಂತೆ ಹಿಗ್ಗುವ ಮೈ ಪಡೆದವನು. ಬೆಂಕಿ, ಮಿಂಚು, ಕತ್ತಲೆ, ಭೂಕಂಪಗಳ ಶಕ್ತಿ ಪಡೆದವರ ನಡುವೆ ರಬ್ಬರು ಅನ್ನುವುದೇ ಒಂದು ತಮಾಷೆ. ಆ ತಮಾಷೆಯ ಶಕ್ತಿಯನ್ನು ತಿದ್ದಿ, ತೀಡಿ, ರಕ್ತದ ಓಟವನ್ನೇ ಹೆಚ್ಚಿಸಿಕೊಂಡು, ಅವನು ದೊಡ್ಡದೊಡ್ಡವರನ್ನು ಕೆಡವಿದ. ಇಪ್ಪತ್ತನಾಲ್ಕು ವರ್ಷ ನಾವು ಓದಿದ್ದು ಇದನ್ನು. ವಾನೋ ದೇಶದ ಕತೆ, ಕಬುಕಿ ನಾಟಕದಂತೆ ಅಂಕ ಅಂಕವಾಗಿ ನಡೆದು, ಕೊನೆಯ ಕಾಳಗಕ್ಕೆ ಬಂತು. ಕೈಡೋ ಎಂಬ ರಾಕ್ಷಸ ಲೂಫಿಯನ್ನು ಹೊಡೆದು ಕೆಡವಿದ. ಹುಡುಗ ಸತ್ತನೆಂದೇ ಎಲ್ಲರೂ ತಿಳಿದರು. ಆಗ ಅವನ ಎದೆಬಡಿತ ಡೋಲಿನ ಪೆಟ್ಟಿನಂತೆ ಕೇಳಿತು. ಕೂದಲು ಬೆಳ್ಳಗಾಗಿ ಹೊಗೆಯಂತೆ ಮೇಲೆದ್ದಿತು. ಅವನು ನಗಲು ಶುರುಮಾಡಿದ. ಅದೇ ಅಧ್ಯಾಯದಲ್ಲಿ, ಲೋಕವನ್ನಾಳುವ ಐವರು ಮುದುಕರು ಕೂತು, ಆ ಹಣ್ಣು ರಬ್ಬರಿನದೇ ಅಲ್ಲ, ನಿಕಾ ಎಂಬ ಸೂರ್ಯದೇವನದು, ಅದರ ನಿಜವಾದ ಹೆಸರನ್ನು ಸರ್ಕಾರವೇ ಮುಚ್ಚಿಟ್ಟಿತ್ತು ಎಂದು ಮಾತಾಡಿಕೊಂಡರು.

ನಗುತ್ತಾ ಎದ್ದ ಹುಡುಗ ಆಮೇಲೆ ಮಾಡಿದ್ದೆಲ್ಲ ಟಾಮ್ ಅಂಡ್ ಜೆರ್ರಿಯ ಕಸುಬು. ಕಣ್ಣುಗುಡ್ಡೆ ಗೇಣುದ್ದ ಹೊರಬರುವುದು, ನೆಲವೇ ರಬ್ಬರಾಗುವುದು, ಬೆಟ್ಟದಂಥ ಡ್ರ್ಯಾಗನ್ನನ್ನು ಹಿಡಿದು ಹಗ್ಗದಾಟ ಆಡುವುದು. ಕೈಡೋ ಕೂಡ ತಬ್ಬಿಬ್ಬು.

ಆ ಭಾನುವಾರ ರಾತ್ರಿ ಅಕ್ಕನ ಮಗ ಫೋನಿನಲ್ಲಿ ಕುಣಿಯುತ್ತಿದ್ದ. “ಮಾವ, ನೋಡಿದ್ರಾ? ಸಾಯೋ ಹೊತ್ತಲ್ಲಿ ನಗ್ತಾನೆ ಮಾವ!” ಅವನು ವಾರದ ಲೆಕ್ಕದಲ್ಲಿ ಓದಲು ಶುರುಮಾಡಿ ಹೆಚ್ಚು ದಿನವಾಗಿರಲಿಲ್ಲ. ಶಾಲೆಯ ಬಾಗಿಲು ಮುಚ್ಚಿ, ಗೆಳೆಯರನ್ನು ಸ್ಕ್ರೀನಿನಲ್ಲಿ ಮಾತ್ರ ನೋಡಿ, ಮನೆಯೊಳಗೆ ಹನ್ನೆರಡು ದಾಟಿ ಹದಿಮೂರಾದವನು. ಅವನಿಗೆ ಆ ನಗು ಬೇಕಿತ್ತು. ಕಟ್ಟಿಲ್ಲ, ಗೋಡೆಯಿಲ್ಲ, ನೆಲವೂ ಮೆತ್ತಗೆ. ಮನಸ್ಸಿಗೆ ಬಂದದ್ದೆಲ್ಲ ಆಗುತ್ತದೆ.

ಆ ಫೋನ್ ಇಟ್ಟರೆ ಗೆಳೆಯನದು. ಮೇಲೆ ಹೇಳಿದೆನಲ್ಲ, ಹತ್ತು ವರ್ಷದಿಂದ ಕತೆ ಕೆಟ್ಟಿದೆ ಅನ್ನುವವನು, ಅವನೇ. ಹೊಸದುರ್ಗದ ಕಡೆಯ ಒಂದು ಹಳ್ಳಿಯವನು. ತೆಂಗಿನ ತೋಟದ ಸಾಲದಲ್ಲಿ ಓದಿ, ಯಾರ ಪರಿಚಯವೂ ಇಲ್ಲದೆ ಬೆಂಗಳೂರಿಗೆ ಬಂದು, ಸಂದರ್ಶನಕ್ಕೆ ಹೋದಲ್ಲೆಲ್ಲ ‘ಯಾರ ಕಡೆಯಿಂದ ಬಂದ್ರಿ?’ ಅನ್ನಿಸಿಕೊಂಡು, ಕೊನೆಗೆ ನೆಲೆ ನಿಂತವನು. ಹಾಸ್ಟೆಲ್ಲಿನಲ್ಲಿ ನಮ್ಮೆಲ್ಲರಿಗಿಂತ ಲೂಫಿಯನ್ನು ಹಚ್ಚಿಕೊಂಡಿದ್ದವನು ಇವನೇ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಥರದ ಸುಸ್ತು ಇತ್ತು.

“ಲೇ, ಇವನಿಗೂ ಶಿಫಾರಸ್ಸಿತ್ತಲ್ಲೋ.”

ನಾನು ಸಮಾಧಾನಕ್ಕೆಂದು, “ಅವರಪ್ಪ ಕ್ರಾಂತಿಕಾರಿ, ತಾತ ನೌಕಾಪಡೆಯ ಹೀರೋ ಅಂತ ಮೊದಲೇ ಗೊತ್ತಿತ್ತಲ್ಲ ಮಾರಾಯ” ಅಂದೆ.

“ಅಪ್ಪ, ತಾತ ಇದ್ರು, ಸರಿ. ಒಂದು ರೂಪಾಯಿ ಸಹಾಯ ಮಾಡಿದ್ರಾ? ಆ ಹಣ್ಣು ಮಾತ್ರ ಬರೀ ಹಣ್ಣಾಗಿತ್ತು. ಎಲ್ಲರೂ ನಗ್ತಿದ್ದ ಹಣ್ಣು. ಅದನ್ನ ಇವನು ಕಷ್ಟಪಟ್ಟು ಏನೋ ಮಾಡಿದ. ಈಗ ಅದೂ ದೇವರದ್ದಂತೆ. ಹಂಗಾದ್ರೆ ಪಟ್ಟ ಕಷ್ಟ ಯಾವ ಖಾತೆಗೆ ಹೋಯ್ತು?”

ಇದು ಅವನೊಬ್ಬನ ದೂರಲ್ಲ. ‘ಜಂಪ್’ ಪತ್ರಿಕೆಯ ಮೂಲಮಂತ್ರವೇ ಸ್ನೇಹ, ಪರಿಶ್ರಮ, ಗೆಲುವು. ಅದರಲ್ಲಿ ಬೆಳೆದ ಹಲವು ದೊಡ್ಡ ಕತೆಗಳು ಪರಿಶ್ರಮದಲ್ಲಿ ಹೊರಟು ವಂಶಾವಳಿಯಲ್ಲಿ ಮುಟ್ಟಿವೆ. ‘ನರುಟೊ’ 1999ರಿಂದ 2014ರವರೆಗೆ ನಡೆಯಿತು. ಅದರ ನಾಯಕ ಊರು ದೂರವಿಟ್ಟ ಅನಾಥ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯುವ ಹುಡುಗ. ಹುಟ್ಟಿನಿಂದ ಹಣೆಬರಹ ನಿಶ್ಚಯವಾಗುವುದಿಲ್ಲ ಎಂದು ಎದುರಾಳಿಗೆ ಗುದ್ದಿ ಗುದ್ದಿ ಹೇಳುತ್ತಾನೆ. ಮುಂದೆ ನೋಡಿದರೆ ಅವನು ಆ ಊರಿನ ಹಿಂದಿನ ಮುಖ್ಯಸ್ಥನ ಮಗ, ಪುರಾಣಪುರುಷನೊಬ್ಬನ ಪುನರ್ಜನ್ಮ. ಅಲ್ಲೂ ಓದುಗರು ಇಬ್ಭಾಗ. ಕತೆ ಉದ್ದವಾದಷ್ಟೂ ಶತ್ರು ದೊಡ್ಡವನಾಗಬೇಕು. ಶತ್ರು ದೊಡ್ಡವನಾದಷ್ಟೂ ನಾಯಕನ ಬಲಕ್ಕೆ ಕಾರಣ ಬೇಕು. ಬೆವರಿನಿಂದ ಕೊಡಬಹುದಾದ ಕಾರಣ ಎಲ್ಲೋ ಒಂದು ಕಡೆ ತೀರಿಹೋಗುತ್ತದೆ. ಆಮೇಲೆ ಉಳಿಯುವುದು ದೇವರು, ಇಲ್ಲವೇ ಅಪ್ಪ.

ಲೇಖಕರ ಕಡೆಗೂ ನ್ಯಾಯ ಹೇಳಬೇಕು. ಕತೆ ಉದ್ದವಾಗುವುದು ಅವರೊಬ್ಬರ ಹಟದಿಂದಲ್ಲ. ‘ಜಂಪ್’ ಸಂಚಿಕೆಯಲ್ಲಿ ಒಂದು ಅಂಚೆ ಕಾರ್ಡ್ ಇರುತ್ತದೆ. ಹಿಡಿಸಿದ ಮೂರು ಕತೆಗಳನ್ನು ಗುರುತು ಹಾಕಿ ಓದುಗರು ಕಳಿಸುತ್ತಾರೆ. ಸತತ ಹಿಂದೆ ಬಿದ್ದ ಕತೆ ಕೆಲವೇ ತಿಂಗಳಲ್ಲಿ ಬಾಗಿಲು ಹಾಕುತ್ತದೆ. ಮುಂದಿರುವ ಕತೆಯನ್ನು ನಿಲ್ಲಿಸಲು ಯಾರಿಗೂ ಮನಸ್ಸಿರುವುದಿಲ್ಲ. 1995ರ ಹೊಸವರ್ಷದ ಜೋಡಿ ಸಂಚಿಕೆ 65.3 ಲಕ್ಷ ಪ್ರತಿ ಅಚ್ಚಾಗಿತ್ತು. ಅದೇ ವರ್ಷ ‘ಡ್ರ್ಯಾಗನ್ ಬಾಲ್’ ಮುಗಿಯಿತು, ಮರುವರ್ಷ ‘ಸ್ಲ್ಯಾಮ್ ಡಂಕ್’ ಮುಗಿಯಿತು, ಪ್ರಸಾರ ಜಾರುತ್ತಾ ಹೋಯಿತು. ಆ ಇಳಿಜಾರಿನಲ್ಲಿ ಬಂದವರು ಓಡಾ. ಅವರು ಹಾಕಿಕೊಂಡಿದ್ದ ಅಂದಾಜು ಐದು ವರ್ಷ! ಐದು ವರ್ಷದಲ್ಲಿ ಮುಗಿದಿದ್ದರೆ ಪಕ್ಷಗಳೂ ಇರುತ್ತಿರಲಿಲ್ಲ, ಈ ಪ್ರಬಂಧವೂ ಇರುತ್ತಿರಲಿಲ್ಲ. ನನ್ನ ಗೆಳೆಯ ಇಷ್ಟು ಹೊತ್ತಿಗೆ ಬೇರೆ ಯಾವುದಾದರೂ ಕೆಟ್ಟುಹೋದದ್ದನ್ನು ಹುಡುಕಿಕೊಂಡಿರುತ್ತಿದ್ದ. ಈಗ ಕೆಲವು ವಾರ ಬಂದರೆ ಒಂದು ವಾರ ರಜೆ. 2023ರಲ್ಲಿ ಓಡಾ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ನಾಲ್ಕು ವಾರ ಬಿಡುವು ತೆಗೆದುಕೊಂಡರು. ಈಚೆಗೆ ಪುಟಗಳು ತುಂಬಾ ಒತ್ತೊತ್ತು, ಚೌಕಗಳಲ್ಲಿ ಗಾಳಿಯಾಡಲೂ ಜಾಗವಿಲ್ಲ ಎಂದು ದೂರುವ ಒಂದು ಪಕ್ಷವಿದೆ. ನಾನು ಅದಕ್ಕೆ ಸೇರಿದ್ದು ಸಿದ್ಧಾಂತಕ್ಕಾಗಿ ಅಲ್ಲ, ಕನ್ನಡಕದ ನಂಬರ್ ಏರಿದ್ದಕ್ಕೆ.

ಹೀಗೆ ಒಡೆಯುವುದು ಓಡಾ ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. 2004ರಲ್ಲೇ ಅವರು ಅದನ್ನು ಹಡಗಿನ ಮೇಲೆ ತಂದಿದ್ದರು. ಲೂಫಿಯ ಬಳಗದ ಮೊದಲ ಹಡಗು ‘ಗೋಯಿಂಗ್ ಮೆರ್ರಿ’. ಮೂತಿಯಲ್ಲಿ ಕುರಿಯ ತಲೆ ಕೆತ್ತಿದ ಪುಟ್ಟ ಹಡಗು. ಅದು ಸಿಕ್ಕಿದ್ದು ಬಳಗದ ಉಸೊಪ್ ಎಂಬವನ ಊರಿನಲ್ಲಿ, ಅವನ ಗೆಳತಿಯ ಕೈಯಿಂದ. ಮುರಿದಾಗಲೆಲ್ಲ ತಗಡು ಹೊಡೆದು ತೇಪೆ ಹಾಕುತ್ತಿದ್ದವನೂ ಅವನೇ. ‘ವಾಟರ್ ಸೆವೆನ್’ ಎಂಬ ಹಡಗು ಕಟ್ಟುವವರ ಊರಿಗೆ ಬಂದಾಗ ಅಲ್ಲಿಯ ಬಡಗಿ ತಟ್ಟಿ ನೋಡಿ, ತಳದ ದಿಮ್ಮಿಯೇ ಬಿರುಕು ಬಿಟ್ಟಿದೆ, ಇದನ್ನು ಯಾರೂ ಸರಿಮಾಡಲಾರರು ಅನ್ನುತ್ತಾನೆ. ಹೊಸ ಹಡಗು ಕೊಳ್ಳೋಣ ಎಂದು ಲೂಫಿ ತೀರ್ಮಾನಿಸುತ್ತಾನೆ. ಉಸೊಪ್ ಒಪ್ಪುವುದಿಲ್ಲ. ಇವತ್ತು ಹಡಗನ್ನು ಬಿಡುವವರು ನಾಳೆ ಕೈಲಾಗದವನನ್ನೂ ಬಿಟ್ಟಾರು ಎಂಬ ಭಯ ಅವನಿಗೆ. ಬಳಗದಲ್ಲಿ ಎಲ್ಲರಿಗಿಂತ ಅಂಜುಬುರುಕ ಅವನು. ಅವನೇ ನಾಯಕನನ್ನು ಕಾಳಗಕ್ಕೆ ಕರೆಯುತ್ತಾನೆ. ಕೊಳೆತ ಮೊಟ್ಟೆ, ಮೆಣಸಿನ ಗೋಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಹೂಡಿ ಹೊಡೆದಾಡಿ ಸೋಲುತ್ತಾನೆ. ಲೂಫಿ ಅವನಿಗೆ ಆ ಮುರುಕು ಹಡಗನ್ನು ಬಿಟ್ಟುಕೊಟ್ಟು ನಡೆದುಬಿಡುತ್ತಾನೆ, ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು.

ಆ ವಾರ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಎರಡು ಸಾಲಾಯಿತು. ತಮಾಷೆಯೆಂದರೆ, ನನ್ನ ಈ ಗೆಳೆಯ, ಇವತ್ತು ಹಳೆಯ ಲೂಫಿಯೇ ಬೇಕೆನ್ನುವವನು, ಅವತ್ತು ಹೊಸ ಹಡಗಿನ ಪಕ್ಷ. “ಕೂತ್ಕಂಡ್ರೆ ಮುಳುಗ್ತಾನೆ. ಮುಂದೆ ಹೋಗ್ಬೇಕಪ್ಪ” ಅಂದಿದ್ದ. ಊರು ಬಿಟ್ಟುಬಂದಿದ್ದ ಹುಡುಗ ಇನ್ನೇನು ಹೇಳುತ್ತಾನೆ? ಬೆಳ್ಳಿಕೂದಲಿನ ಹೊಸ ಲೂಫಿಗೆ ಕುಣಿದ ಅಕ್ಕನ ಮಗ, ಮೆರ್ರಿಯ ವಿಷಯ ಬಂದರೆ ಕಟ್ಟಾ ಉಸೊಪ್ ಪಕ್ಷ. “ಹಡಗು ಹಳೇದಾಯ್ತು ಅಂತ ಬಿಟ್ಟು ಹೋಗೋದಾ ಮಾವ?” ಎಂದು ನನ್ನ ಮೇಲೆ ಕಣ್ಣು ಕೆಂಪು ಮಾಡುತ್ತಾನೆ. ಇದೇನೂ ಸಿದ್ಧಾಂತವಲ್ಲ. ಅವರವರಿಗೆ ಕಳಕೊಳ್ಳುವ ಭಯ ಎಲ್ಲಿದೆಯೋ ಅಲ್ಲಿ ಅವರವರ ಪಕ್ಷ. ಕತೆಯಲ್ಲಿ ಮೆರ್ರಿ ಕೊನೆಗೊಂದು ಸಲ ಯಾರೂ ನಡೆಸದೆ ತಾನೇ ತೇಲಿಬಂದು, ಶತ್ರುಗಳ ನಡುವೆ ಸಿಕ್ಕಿಬಿದ್ದ ತನ್ನವರನ್ನು ಹೊತ್ತೊಯ್ದು, ನಡುಕಡಲಿನಲ್ಲಿ ಮುರಿಯುತ್ತದೆ. ಅವರೇ ಅದಕ್ಕೆ ಬೆಂಕಿಯಿಡುತ್ತಾರೆ. ಉಸೊಪ್ ಕ್ಷಮೆ ಕೇಳಿ ಮರಳಿ ಬರುತ್ತಾನೆ. ಓದುಗರಲ್ಲಿ ಮಾತ್ರ ಯಾರೂ ಯಾರ ಕ್ಷಮೆಯನ್ನೂ ಕೇಳಿಲ್ಲ. ಮೆರ್ರಿಯನ್ನು ಬಿಡಬೇಕಿತ್ತೇ ಬೇಡವೇ ಎಂಬ ವಾದ ಇವತ್ತಿಗೂ ಬಿಸಿ.

ಕತೆಯ ಕೊನೆಯ ಘಟ್ಟ ಶುರುವಾಯಿತೆಂದು 2022ರ ಜುಲೈನಲ್ಲೇ ಘೋಷಣೆಯಾಗಿದೆ. ಓಡಾ ಅವರ ಕೊನೆಯ ಘಟ್ಟ ಅಂದರೆ ಬೇರೆಯವರ ಪೂರ್ತಿ ಆಯುಸ್ಸು, ಅವಸರವೇನಿಲ್ಲ. ಆದರೂ ಮುಗಿಯುತ್ತದೆ ಅನ್ನುವ ಸುದ್ದಿ ಬಂದಮೇಲೆ ಎಲ್ಲ ಪಕ್ಷಗಳಲ್ಲೂ ಒಂದು ಬಗೆಯ ಕಳವಳ ಕಾಣುತ್ತಿದೆ. ಆ ನಿಧಿ ಏನಿರಬಹುದು? ‘ಜೊತೆಗಾರರ ಸ್ನೇಹವೇ ನಿಜವಾದ ನಿಧಿ’ ಎಂಬ ಬಗೆಯ ಉತ್ತರ ಅಲ್ಲ, ಕೈಗೆ ಸಿಗುವಂಥ ಬಹುಮಾನವೇ ಎಂದು ಓಡಾ ಬಹಳ ಹಿಂದೆಯೇ ಹೇಳಿಬಿಟ್ಟಿದ್ದಾರೆ. ಒಳ್ಳೆಯದೇ ಆಯಿತು. ಇಷ್ಟು ವರ್ಷ ಕಾದವರಿಗೆ ಸ್ನೇಹದ ಮೇಲೆ ಭಾಷಣ ಕೊಟ್ಟಿದ್ದರೆ ನನ್ನ ಗೆಳೆಯ ಟೋಕಿಯೋಗೆ ಟಿಕೆಟ್ ತೆಗೆಸುತ್ತಿದ್ದ.

ಆ ಭಾನುವಾರ ಬಂದಾಗ ಏನಾಗುತ್ತದೆಂದು ನನಗೆ ಈಗಲೇ ಗೊತ್ತು. ಎಂಟೂವರೆಗೆ ಪುಟ ತೆರೆಯುತ್ತದೆ. ಎಂಟು ನಲವತ್ತಕ್ಕೆ ಅಕ್ಕನ ಮಗ, “ಮಾವ, ನಾನು ಅವತ್ತೇ ಹೇಳಿದ್ನಲ್ಲ!” ಅನ್ನುತ್ತಾನೆ, ಹೇಳಿರುವುದಿಲ್ಲ. ಎಂಟು ಮುಕ್ಕಾಲಿಗೆ ಗೆಳೆಯ, “ಇಷ್ಟೇ ಏನೋ?” ಅನ್ನುತ್ತಾನೆ. ‘ಚೆನ್ನಾಗಿತ್ತು’ ಅನ್ನುವವರ ಪಕ್ಷ ಅವತ್ತು ರಾತ್ರಿಯೇ ವಿಸರ್ಜನೆಯಾಗುತ್ತದೆ, ಯಾಕೆಂದರೆ ಚೆನ್ನಾಗಿತ್ತು ಅಂದಮೇಲೆ ಮುಂದೆ ಆಡಲು ಮಾತಿಲ್ಲ. ‘ಇಷ್ಟೇನಾ’ ಪಕ್ಷ ಹಾಗಲ್ಲ. ಅದು ಮರುವಾರ ಸೇರುತ್ತದೆ, ಅದರ ಮರುವಾರ ಸೇರುತ್ತದೆ, ಹೀಗಾಗಬೇಕಿತ್ತು, ಹಾಗಾಗಬೇಕಿತ್ತು ಎಂದು ಇನ್ನೊಂದು ಇಪ್ಪತ್ತು ವರ್ಷ ಎಳೆಯುತ್ತದೆ. ಆದ್ದರಿಂದ ನಿಧಿ ಏನೇ ಸಿಗಲಿ, ನನ್ನನ್ನು ಎಷ್ಟೇ ಅಳಿಸಲಿ, ನಾನು ‘ಇಷ್ಟೇನಾ’ ಪಕ್ಷಕ್ಕೆ ಸೇರುವುದೆಂದು ತೀರ್ಮಾನಿಸಿದ್ದೇನೆ. ಸದಸ್ಯತ್ವದ ಅರ್ಜಿ ಗೆಳೆಯನ ಹತ್ತಿರವೇ ಇದೆ.